ಒಂದು ಮಶಿನ್, ಆರು ಖೋಲಿ



ಕಲಾದಗಿ ಅಂದಕೂಡಲೆ ನಿಮಗೆ ದಾಳಿಂಬೆ ನೆನಪಾಗುತ್ತದೆ, ಚಿಕ್ಕು ನೆನಪಾಗುತ್ತದೆ. ಹಳೆಯ ಕಾಗದಪತ್ರ ನೋಡಿದವರಿಗೆ ಇನ್ನೊಂದು ನೆನಪು. ಬ್ರಿಟಿಷರ ಕಾಲದಲ್ಲಿ ಅದು ಒಂದು ಜಿಲ್ಲೆಯ ಹೆಸರಾಗಿತ್ತು. 1880ರ ದಶಕದಲ್ಲಿ ಕಚೇರಿಗಳು ವಿಜಯಪುರಕ್ಕೆ ಹೋದವು. ಊರು ಘಟಪ್ರಭೆಯ ದಂಡೆಯಲ್ಲಿ ಉಳಿಯಿತು. ಇವತ್ತು ನಾನು ಹಣ್ಣಿನ ಮಾತು, ಇತಿಹಾಸದ ಮಾತು ಎರಡನ್ನೂ ಬಿಡುತ್ತೇನೆ. ಆ ಊರಿನ ಒಂದು ಮನೆಯ ಸಪ್ಪಳದ ಬಗ್ಗೆ ಹೇಳುತ್ತೇನೆ. ಅದು ನಮ್ಮ ಅಕ್ಕನ ಮನೆ.

ಮನೆ ನಿಮ್ಮ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಬಾಯಲ್ಲೇ ಕಟ್ಟುತ್ತೇನೆ. ಮುಂದಿನ ಅರ್ಧ ಹಳೆಯದು. ಕಲ್ಲಿನ ಗೋಡೆ, ಎರಡೂವರೆ ಅಡಿ ದಪ್ಪ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ನಡುವೆ ಒಂದು ಬೆಳಕಿಂಡಿ. ಈ ಭಾಗದಲ್ಲಿ ಪಡಸಾಲೆ, ದೇವರಮನೆ, ಅಕ್ಕನ ಅತ್ತೆಯ ಖೋಲಿ. ಅವರನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಹಿಂದಿನ ಅರ್ಧ ಹೊಸದು. ಸಿಮೆಂಟಿನ ಸ್ಲ್ಯಾಬು, ಕಾಲು ಜಾರುವ ಟೈಲ್ಸು. ಅಲ್ಲಿ ಅಡಿಗೆಮನೆ ಮತ್ತು ಅಕ್ಕನ ಮಗನ ಖೋಲಿ. ಹಿತ್ತಲಲ್ಲಿ ದನದ ಕೊಟ್ಟಿಗೆ. ಎಣಿಸಿದರೆ ಆರು ತಾವು.

ಮೊದಲು ಈ ಮನೆಯಲ್ಲಿ ಇದ್ದದ್ದು ಒಂದೇ ರೇಡಿಯೊ. ಪಡಸಾಲೆಯ ಮಾಡದೊಳಗೆ ಕೂತಿರುತ್ತಿತ್ತು. ಅದರಲ್ಲಿ ಬರುತ್ತಿದ್ದದ್ದು ಧಾರವಾಡ ಆಕಾಶವಾಣಿ, 1950ರ ಜನವರಿಯಲ್ಲಿ ಶುರುವಾದದ್ದು. ಆಯಿ ಸೊಸೆಯಾಗಿ ಈ ಮನೆಯ ಹೊಸ್ತಿಲು ದಾಟುವಾಗ ಆ ರೇಡಿಯೊ ಅವರಿಗಿಂತ ಮೊದಲೇ ಬಂದು ಕೂತಿತ್ತಂತೆ. ಹಾಡು ಬೇಕಾದವರು ಅದರ ಹತ್ತಿರ ಹೋಗಬೇಕು. ಬೇಡವಾದವರು ದೂರ ಹೋಗಬೇಕು. ಅಷ್ಟೇ ಕಾಯಿದೆ.

ನಮ್ಮ ಅಳಿಯ, ಅಕ್ಕನ ಮಗ, ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದವ. ಬರುವಾಗ ಒಂದು ಮಶಿನ್ ತಂದ. ಒಂದೇ ಪೆಟ್ಟಿಗೆ, ಆದರೆ ಆರು ಖೋಲಿಗೆ ಆರು ಬೇರೆ ಬೇರೆ ಹಾಡು ಕೊಡಬಲ್ಲದು. ಕಂಪನಿಯ ಹೆಸರು ಬಾನುಲಿಯಲ್ಲಿ ಹೇಳುವ ಹಾಗಿಲ್ಲ, ಹೇಳುವುದೂ ಬೇಕಾಗಿಲ್ಲ. ‘ಮಾಮಾ, ನೀವ ಕೂಡಿಸಿ ಕೊಡ್ರಿ’ ಅಂದ. ನಾನು ಮೈಕ್‌ಸೆಟ್ಟಿನ ಮನುಷ್ಯ. ಇಳಕಲ್ಲಿನಲ್ಲಿ ನಮ್ಮ ಕಾಕಾನ ಅಂಗಡಿಯಲ್ಲಿ ವಾಯರ್ ಸುತ್ತುತ್ತ ದೊಡ್ಡವನಾದವ. ಒಂದು ಮಶಿನ್ನಿಂದ ಹತ್ತು ಕಡೆ ಸೌಂಡು ಕೊಡುವುದು ನನಗೆ ಗೊತ್ತಿಲ್ಲವೇ ಅಂದುಕೊಂಡೆ. ಗೊತ್ತಿರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೊದಲು ನಿಮ್ಮನ್ನು ಬಾದಾಮಿಗೆ ಕರೆದುಕೊಂಡು ಹೋಗಬೇಕು.

ಬನದ ಹುಣ್ಣಿಮೆ. ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳು ಅಲ್ಲೇ ಬೀಡು ಬಿಟ್ಟಿರುತ್ತವೆ. ದಾರಿಯುದ್ದಕ್ಕೂ ಕಂಬಕ್ಕೊಂದು ಹಾರ್ನ್, ನಮ್ಮ ಕಡೆ ಭೋಂಗಾ ಅಂತಾರಲ್ಲ, ಅದು. ಮೊದಲ ಹಾರ್ನಿನಿಂದ ಕೊನೆಯ ಹಾರ್ನಿಗೆ ಅರ್ಧ ಕಿಲೋಮೀಟರ್ ವಾಯರ್. ಅಷ್ಟು ತೆಳುವಾದ ವಾಯರಿನಲ್ಲಿ ಅಷ್ಟು ದೂರ ಸೌಂಡು ಹೇಗೆ ಹೋಗುತ್ತದೆ? ಅದಕ್ಕೊಂದು ಉಪಾಯವಿದೆ. ಮಶಿನ್ನಿನ ಹಿಂದೆ ‘ನೂರು ವೋಲ್ಟ್’ ಅಂತ ಒಂದು ತಿರುಪು ಇರುತ್ತದೆ. ನೂರು ವ್ಯಾಟ್ ಶಕ್ತಿಯನ್ನು ಸಾದಾ ಸ್ಪೀಕರಿನ ರೀತಿಯಲ್ಲಿ ಕಳಿಸಿದರೆ ವಾಯರಿನಲ್ಲಿ ಮೂರೂವರೆ ಆಂಪಿಯರ್ ಹರಿಯುತ್ತದೆ. ನೂರು ವೋಲ್ಟಿಗೆ ಏರಿಸಿ ಕಳಿಸಿದರೆ ಒಂದೇ ಆಂಪಿಯರ್. ದಾರಿಯಲ್ಲಿ ವಾಯರ್ ತಿನ್ನುವ ಪಾಲು ಹನ್ನೆರಡು ಪಟ್ಟು ಇಳಿಯುತ್ತದೆ. ಊರಿಂದೂರಿಗೆ ದೊಡ್ಡ ಕಂಬದ ಮೇಲೆ ಕರೆಂಟು ಒಯ್ಯುವ ಯುಕ್ತಿಯೇ ಇದು. ಪ್ರತಿ ಹಾರ್ನಿನ ಬೆನ್ನಿಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ವೋಲ್ಟೇಜನ್ನು ಮತ್ತೆ ಇಳಿಸುತ್ತದೆ. ಹತ್ತು ವ್ಯಾಟಿನ ಹತ್ತು ಹಾರ್ನ್ ಕಟ್ಟಿ, ಮೊತ್ತ ನೂರು ದಾಟಬಾರದು. ಲೆಕ್ಕ ಇಷ್ಟೇ. ಒಂದನೇ ಇಯತ್ತೆಯ ಹುಡುಗ ಮಾಡಿಯಾನು.

ಆದರೆ ಗಮನಿಸಿ. ಜಾತ್ರೆಯ ಮಶಿನ್ನಿಗೆ ಸೌಂಡು ಏರಿಳಿಸುವ ತಿರುಪು ಒಂದೇ, ಮತ್ತು ಅದು ನನ್ನ ಕೈಯಲ್ಲಿ. ಕೊನೆಯ ಕಂಬದ ಕೆಳಗೆ ಬಳೆ ಮಾರುವ ಹೆಣ್ಣುಮಗಳಿಗೆ ಕಿವಿ ನೋಯುತ್ತಿದ್ದರೆ ಅವಳು ಹಾರ್ನಿನ ಕಡೆ ನೋಡಿ ಬೈಯಬಹುದು. ಬೇರೆ ದಾರಿ ಇಲ್ಲ.

ಈಗ ಮತ್ತೆ ಕಲಾದಗಿಗೆ ಬರೋಣ. ಜಾತ್ರೆಯಲ್ಲಿ ಒಂದೇ ಧ್ವನಿ, ಒಂದೇ ತಿರುಪು ಅಂತ ಹೇಳಿದೆ. ಮನೆಯಲ್ಲಿ ಹಾಗಲ್ಲ. ಅಳಿಯನ ಪೆಟ್ಟಿಗೆಯೊಳಗೆ ಹನ್ನೆರಡು ಸಣ್ಣ ಮಶಿನ್ನುಗಳು ಸಾಲಾಗಿ ಕೂತಿವೆ. ಖೋಲಿಗೆ ಎರಡೆರಡು, ಎಡದ್ದೊಂದು, ಬಲದ್ದೊಂದು. ಇಲ್ಲಿ ನೂರು ವೋಲ್ಟಿನ ಆಟ ಇಲ್ಲ. ಸ್ಪೀಕರಿಗೆ ನೇರ ವಾಯರ್. ನಾನು ಜಾತ್ರೆಯ ರೂಢಿಯಲ್ಲಿ, ಪಡಸಾಲೆ ದೊಡ್ಡದು ಅಂತ ಒಂದೊಂದು ಕಡೆಗೆ ನಾಲ್ಕು ಸ್ಪೀಕರ್ ಜೋಡಿಸಿಬಿಟ್ಟೆ. ಎಂಟು ಓಮಿನವು ಎರಡು ಕೂಡಿಸಿದರೆ ನಾಲ್ಕು ಓಮ್. ನಾಲ್ಕು ಕೂಡಿಸಿದರೆ ಎರಡು. ಸ್ಪೀಕರ್ ಹೆಚ್ಚಾದಷ್ಟೂ ಮಶಿನ್ನಿನ ಮೇಲೆ ಎಳೆತ ಹೆಚ್ಚು. ಹತ್ತು ನಿಮಿಷಕ್ಕೆ ಪೆಟ್ಟಿಗೆ ರೊಟ್ಟಿಯ ಹಂಚಿನ ಹಾಗೆ ಕಾಯ್ದು ತಾನೇ ಬಂದಾಯಿತು. ಅಳಿಯ ಏನೂ ಅನ್ನಲಿಲ್ಲ. ಮೊಬೈಲಿನಲ್ಲಿ ಏನೋ ಓದುವ ಹಾಗೆ ಮಾಡಿದ. ಇನ್ನೊಂದು ಮಾತು. ಅಮೆರಿಕದ ಸಾಮಾನು ನಡೆಯುವುದು 120 ವೋಲ್ಟಿನಲ್ಲಿ, ನಮ್ಮ ಗೋಡೆಯಲ್ಲಿ ಇರುವುದು 230. ನಡುವೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಇದನ್ನು ಮಾತ್ರ ನಾನು ಮರೆಯಲಿಲ್ಲ.

ವಾಯರಿನ ವಿಷಯಕ್ಕೂ ಮಾತಾಯಿತು. ‘ವಾಯರ್ ಯಾಕ ಮಾಮಾ? ಎಲ್ಲಾ ವೈಫೈ ಮ್ಯಾಲ ಮಾಡೂಣು’ ಅಂದ ಅಳಿಯ. ಎರಡೂವರೆ ಅಡಿ ಕಲ್ಲಿನ ಗೋಡೆಗೆ ವೈಫೈ ಅಂದರೆ ಲೆಕ್ಕಕ್ಕಿಲ್ಲ. ಪಡಸಾಲೆಯಲ್ಲಿ ಹಾಡು ಬಂತು, ಆಯಿಯ ಖೋಲಿಯಲ್ಲಿ ತುಂಡು ತುಂಡು. ಗೌಂಡಿಯನ್ನು ಕರೆಸಿದೆ. ಅವನು ಗೋಡೆ ತಟ್ಟಿ ನೋಡಿ, ‘ಇದನ್ನ ಕೊರದ್ರ ಪಾಪ ಹತ್ತತೈತ್ರಿ’ ಅಂದ. ಕೊನೆಗೆ ವಾಯರ್ ಗೋಡೆಯೊಳಗೆ ಹೋಗಲಿಲ್ಲ. ಬೆಳಕಿಂಡಿಯಿಂದ ಮೇಲೇರಿ, ತೊಲೆಯ ಬದಿ ಹಿಡಿದು, ಖೋಲಿ ಖೋಲಿಗೆ ಇಳಿಯಿತು. ಹೊಸ ಭಾಗದಲ್ಲಿ ಗಿಲಾವಿಗೆ ಮೊದಲೇ ಪೈಪು ಹಾಕಿಸಿದ್ದರೆ ಇಷ್ಟು ಕಷ್ಟ ಇರಲಿಲ್ಲ. ಮನೆ ಕಟ್ಟಿಸುತ್ತಿರುವ ಕೇಳುಗರು ಯಾರಾದರೂ ಇದ್ದರೆ, ಖೋಲಿಗೊಂದು ಖಾಲಿ ಪೈಪು ಬಿಡಿಸಿಡಿ. ಇವತ್ತು ಬೇಡವಾದರೂ ಬಿಡಿಸಿಡಿ.

ಕಿವಿಗೆ ಗೊತ್ತಾದ ಒಂದು ಸಂಗತಿ ಇದೆ. ಒಂದೇ ಹಾಡು, ಎರಡು ಖೋಲಿ. ಮಣ್ಣಿನ ಮಾಳಿಗೆಯ ಕೆಳಗೆ ಹಾಡು ಹತ್ತಿರ ಕೂತು ಹಾಡಿದ ಹಾಗೆ. ಟೈಲ್ಸಿನ ಖೋಲಿಯಲ್ಲಿ ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗೆ. ಮಣ್ಣು, ಕಟ್ಟಿಗೆ ಧ್ವನಿಯನ್ನು ನುಂಗುತ್ತವೆ. ಟೈಲ್ಸು ಅದನ್ನು ತಿರುಗಿ ಎಸೆಯುತ್ತದೆ. ಹಿರಿಯರು ಕಟ್ಟಿದ್ದು ಬಿಸಿಲಿಗೆ. ಸಂಗೀತಕ್ಕೂ ಒದಗಿತು.

ಇಷ್ಟು ಆದಾಗ ಆರು ಖೋಲಿಗೆ ವಾಯರ್ ಹೋಗಿದೆ, ಖೋಲಿಗೊಂದು ತಿರುಪು ಗೋಡೆಗೆ ಕೂತಿದೆ. ಇನ್ನು ಇದನ್ನು ಮನೆಯ ಬುದ್ಧಿಗೆ ಕೂಡಿಸಬೇಕು. ಬುದ್ಧಿ ಅಂದರೆ ಏನು? ಇಸ್ಪೀಟಿನ ಎಲೆಯಷ್ಟು ಅಗಲದ ಒಂದು ಪುಟ್ಟ ಕಂಪ್ಯೂಟರು. ಅದರೊಳಗೆ ಒಂದು ತಂತ್ರಾಂಶ. ಹೋಮ್ ಅಸಿಸ್ಟೆಂಟ್ ಅಂತ. ಇದು ಮಾರುವ ಸರಕಲ್ಲ, ಯಾರು ಬೇಕಾದರೂ ಬಿಟ್ಟಿ ತೆಗೆದುಕೊಳ್ಳಬಹುದು. ಆದ್ದರಿಂದ ಹೆಸರು ಹೇಳಬಹುದು ಅಂದುಕೊಂಡಿದ್ದೇನೆ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಎಂಬವರು ಶುರುಮಾಡಿದ್ದು. ಈಗ ಲೋಕದ ತುಂಬ ಜನ ಸೇರಿ ಬೆಳೆಸುತ್ತಿದ್ದಾರೆ. ದೀಪ, ಪಂಪು, ಬಾಗಿಲ ಗಂಟೆ ಎಲ್ಲವನ್ನೂ ಇದು ಒಂದೇ ಕಡೆಯಿಂದ ನಡೆಸುತ್ತದೆ.

ಆದರೆ ಮಶಿನ್ನಿನ ಜೊತೆ ಇದು ಮಾತಾಡುವುದು ಹೇಗೆ? ಮಶಿನ್ನಿನ ಬೆನ್ನಿಗೆ ಒಂಬತ್ತು ಸೂಜಿಯ ಒಂದು ಕಿಂಡಿ ಇದೆ. ಈ ಬಗೆಯ ಜೋಡಣೆಗೆ 1960ರಲ್ಲಿ ಅಮೆರಿಕದಲ್ಲಿ ನಿಯಮ ಕಟ್ಟಿದರು, ಹೆಸರು ಆರ್‌ಎಸ್-232. ಅರವತ್ತು ವರ್ಷ ದಾಟಿದ ಮುದುಕ. ಇನ್ನೂ ಗಟ್ಟಿಯಾಗಿ ದುಡಿಯುತ್ತಿದ್ದಾನೆ. ಒಂಬತ್ತರಲ್ಲಿ ನಮಗೆ ಬೇಕಾದದ್ದು ಮೂರೇ ಎಳೆ. ಒಂದು ಬಾಯಿ, ಒಂದು ಕಿವಿ, ಇನ್ನೊಂದು ಇಬ್ಬರಿಗೂ ಸಮನಾದ ನೆಲ. ಕಂಪ್ಯೂಟರು ಒಂದು ಸಣ್ಣ ಸಾಲು ಕಳಿಸುತ್ತದೆ, ‘ಮೂರನೇ ಖೋಲಿ, ಸೌಂಡು ಹದಿನೈದು’ ಅಂತ. ಮಶಿನ್ನು ಹಾಗೆ ಮಾಡುತ್ತದೆ. ‘ಮೂರನೇ ಖೋಲಿಯಲ್ಲಿ ಏನು ನಡೆದಿದೆ?’ ಅಂತ ಕೇಳಿದರೆ ಉತ್ತರವನ್ನೂ ಕೊಡುತ್ತದೆ.

ಇಲ್ಲಿ ನನ್ನ ಎರಡು ದಿನ ಹಾಳಾದವು. ಸಾಲು ಕಳಿಸುತ್ತೇನೆ, ಉತ್ತರ ಇಲ್ಲ. ವೇಗ ಬದಲಿಸಿದೆ, ವಾಯರ್ ಬದಲಿಸಿದೆ, ಕಂಪ್ಯೂಟರನ್ನೇ ಬದಲಿಸಿದೆ. ಕೊನೆಗೆ ರಾತ್ರಿ ಹನ್ನೊಂದಕ್ಕೆ ಮೀಟರ್ ಹಚ್ಚಿ ನೋಡಿದರೆ, ನಾನು ಬಾಯಿಗೆ ಬಾಯಿ ಜೋಡಿಸಿದ್ದೆ. ಕಿವಿಗೆ ಕಿವಿ. ಇಬ್ಬರೂ ಮಾತಾಡುತ್ತಿದ್ದಾರೆ, ಕೇಳುವವರೇ ಇಲ್ಲ. ಎರಡು ಎಳೆ ಅದಲುಬದಲು ಮಾಡಿದೆ. ಮರುಕ್ಷಣಕ್ಕೆ ಉತ್ತರ ಬಂತು. ಆ ಹೊತ್ತಿನಲ್ಲಿ ನನಗೆ ಆ ಮಶಿನ್ನು ಮನುಷ್ಯನ ಹಾಗೆ ಕಂಡಿತು.

ಇಂಥ ಕೆಲಸಕ್ಕೆ ರಿಮೋಟಿನ ಅವಗೆಂಪು ಬೆಳಕನ್ನು ಬಳಸುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ರಿಮೋಟಿಗೆ ಬಾಯಿ ಇದೆ, ಕಿವಿ ಇಲ್ಲ. ಚಾಲೂ ಮಾಡುವ ಗುಂಡಿಯೇ ಬಂದ್ ಮಾಡುವ ಗುಂಡಿ. ಒಂದು ಸಲ ಲೆಕ್ಕ ತಪ್ಪಿದರೆ ಕಂಪ್ಯೂಟರು ಬಂದ್ ಅಂದಾಗ ಮಶಿನ್ನು ಚಾಲೂ ಆಗುತ್ತದೆ. ಆಮೇಲೆ ದಿನವಿಡೀ ಉಲ್ಟಾ.

ಇಲ್ಲಿತನಕ ವಾಯರಿನ ಮಾತಾಯಿತು, ಬಾಯಿ ಕಿವಿಯ ಮಾತಾಯಿತು. ಇನ್ನು ಮನೆಯ ಮಂದಿಯ ಮಾತು.

ಅಳಿಯ ಒಂದು ನಿಯಮ ಬರೆದ. ಸಂಜೆ ಆರಕ್ಕೆ ಬಸವರಾಜ ರಾಜಗುರುಗಳ ವಚನ ಗಾಯನ, ಎಲ್ಲ ಖೋಲಿಯಲ್ಲೂ, ಸೌಂಡು ಹದಿನೈದು. ಈ ಮಶಿನ್ನಿನಲ್ಲಿ ಸೌಂಡಿಗೆ 38 ಮೆಟ್ಟಿಲು ಇವೆ. ಮೊದಲ ದಿನ ಹಾಡು ಬಂತು. ಆಯಿಗೆ ಸ್ವಲ್ಪ ಜೋರಾಯಿತು. ಎದ್ದು ಹೋಗಿ ಗೋಡೆಯ ತಿರುಪು ಇಳಿಸಿದರು. ಬಂದು ಕೂತರು. ಒಂದು ನಿಮಿಷಕ್ಕೆ ಸೌಂಡು ತಾನೇ ಏರಿತು. ಮತ್ತೆ ಇಳಿಸಿದರು. ಮತ್ತೆ ಏರಿತು. ನಾಲ್ಕನೇ ಸಲಕ್ಕೆ ನನ್ನನ್ನು ಕರೆದು, ದನಿ ತಗ್ಗಿಸಿ ಹೇಳಿದರು, ‘ಒಳಗ ಯಾರೋ ಕುಂತು ತಿರುವಾಕ ಹತ್ಯಾರ, ನೋಡ್ರೆಪಾ.’

ಅವರು ಹೇಳಿದ್ದು ಸುಳ್ಳಲ್ಲ. ಅಳಿಯನ ನಿಯಮ ‘ಆರಕ್ಕೆ ಹದಿನೈದು ಮಾಡು’ ಅಂತ ಇರಲಿಲ್ಲ. ‘ಆರರಿಂದ ಏಳರತನಕ ಹದಿನೈದು ಇರಬೇಕು’ ಅಂತ ಇತ್ತು. ಕಂಪ್ಯೂಟರು ನಿಮಿಷಕ್ಕೊಮ್ಮೆ ಮಶಿನ್ನನ್ನು ಕೇಳುತ್ತಿತ್ತು. ಹದಿನೈದಕ್ಕಿಂತ ಕಡಿಮೆ ಅಂತ ಉತ್ತರ ಬಂದರೆ ತಪ್ಪು ಅಂತ ತಿಳಿದು ತಿದ್ದುತ್ತಿತ್ತು. ಎಂಬತ್ತು ದಾಟಿದ ಹೆಣ್ಣುಮಗಳ ಕೈ ತಿರುವಿದ್ದನ್ನು ಅದು ದೋಷ ಅಂತ ಎಣಿಸುತ್ತಿತ್ತು! ನಾನು ಜಾತ್ರೆಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ ಅಂತ ಆಗ ಅನಿಸಿತು. ಕೊನೆಯ ಕಂಬದ ಬಳೆಗಾರ್ತಿ ನೆನಪಾದಳು.

ನಿಯಮ ಬದಲಿಸಿದೆವು. ಕಂಪ್ಯೂಟರು ಆರಕ್ಕೆ ಒಂದು ಸಲ ಹೇಳಬೇಕು, ಆಮೇಲೆ ಸುಮ್ಮನಿರಬೇಕು. ಗೋಡೆಯ ತಿರುಪಿನ ಮಾತೇ ಕೊನೆಯ ಮಾತು. ಕೇಳುವುದನ್ನು ನಿಲ್ಲಿಸಬಾರದು, ಆದರೆ ತಿದ್ದುವುದಕ್ಕಲ್ಲ, ತಿಳಿಯುವುದಕ್ಕೆ. ಆಯಿ ದಿನಾ ಸೌಂಡನ್ನು ಒಂಬತ್ತಕ್ಕೆ ಇಳಿಸುತ್ತಾರೆ ಅಂತ ಗೊತ್ತಾದ ಮೇಲೆ ಅವರ ಖೋಲಿಗೆ ಒಂಬತ್ತರಿಂದಲೇ ಶುರು. ಇಂಟರ್‌ನೆಟ್ ಸತ್ತರೂ, ಕಂಪ್ಯೂಟರು ಸತ್ತರೂ, ತಿರುಪು ನಡೆಯಬೇಕು. ಯಾರ ಮನೆಯಲ್ಲಿ ಈ ಕೆಲಸ ಮಾಡಿದರೂ ನಾನು ಈಗ ಮೊದಲು ಕಂಪ್ಯೂಟರಿನ ವಾಯರ್ ಕಿತ್ತು ನೋಡುತ್ತೇನೆ. ತಿರುಪು ನಡೆದರೆ ಮಾತ್ರ ಮತ್ತೆ ಹಚ್ಚುತ್ತೇನೆ.

ತಿರುಪಿನ ಜಗಳ ಮುಗಿಯಿತು ಅಂದುಕೊಂಡೆವು. ಆಗ ಕರೆಂಟು ಕೈಕೊಟ್ಟಿತು.

ಮೇ ತಿಂಗಳ ಗಾಳಿಮಳೆ. ಸಂಜೆ ಐದೂವರೆಗೆ ಕರೆಂಟು ಹೋಯಿತು. ಬಂದದ್ದು ರಾತ್ರಿ ಒಂದೂವರೆ ಗಂಟೆಗೆ. ಎಲ್ಲರೂ ಮಲಗಿದ್ದರು. ಎರಡು ಗಂಟೆಗೆ ಆರೂ ಖೋಲಿಯಲ್ಲಿ ರಾಜಗುರುಗಳ ಧ್ವನಿ ಎದ್ದಿತು. ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಓಣಿಯ ನಾಯಿ ಎದ್ದವು. ಐದು ನಿಮಿಷಕ್ಕೆ ಬಾಗಿಲು ಬಡಿದ ಸಪ್ಪಳ. ನೆರೆಮನೆಯವರು ನಾಲ್ಕೈದು ಮಂದಿ, ತಲೆಗೆ ಟವೆಲ್ ಸುತ್ತಿಕೊಂಡು, ಮೋರೆ ಸಣ್ಣದು ಮಾಡಿಕೊಂಡು ನಿಂತಿದ್ದರು. ನಿಮಗೆ ಗೊತ್ತಲ್ಲ, ನಮ್ಮ ಕಡೆ ಅಪರಾತ್ರಿಯಲ್ಲಿ ಮನೆಯೊಳಗೆ ಭಜನೆ ಕೇಳಿಸಿತು ಅಂದರೆ ಯಾರೋ ತೀರಿಕೊಂಡಿದ್ದಾರೆ ಅಂತಲೇ ಅರ್ಥ. ಎಂಬತ್ತು ದಾಟಿದ ಜೀವ ಮನೆಯಲ್ಲಿ ಇದೆ, ಅವರು ತಿಳಿದದ್ದರಲ್ಲಿ ತಪ್ಪೇನು? ಬಾಗಿಲು ತೆಗೆದದ್ದು ಆಯಿಯೇ.

ಏನಾಗಿತ್ತು ಕೇಳಿ. ಈ ಪುಟ್ಟ ಕಂಪ್ಯೂಟರಿಗೆ ಸ್ವಂತ ಗಡಿಯಾರ ಇಲ್ಲ. ಕರೆಂಟು ಬಂದಮೇಲೆ ಇಂಟರ್‌ನೆಟ್ಟಿನಿಂದ ಹೊತ್ತು ಕೇಳಿ ತಿಳಿಯುತ್ತದೆ. ಆವತ್ತು ಗಾಳಿಗೆ ಇಂಟರ್‌ನೆಟ್ಟಿನ ತಂತಿಯೂ ಹರಿದಿತ್ತು. ಪಾಪ, ಅದು ಕೊನೆಗೆ ನೆನಪಿಟ್ಟ ಹೊತ್ತಿನಿಂದ ಎಣಿಸತೊಡಗಿತು. ಐದೂವರೆ. ಅರ್ಧ ತಾಸಿಗೆ ಆರು. ಆರಕ್ಕೆ ವಚನ. ಅದರ ಲೆಕ್ಕದಲ್ಲಿ ಎಲ್ಲ ಸರಿಯೇ ಇತ್ತು. ಈಗ ಅದಕ್ಕೊಂದು ಗಡಿಯಾರದ ತುಣುಕು ಹಚ್ಚಿದ್ದೇನೆ, ಗುಂಡಿಯಂಥ ಒಂದು ಸೆಲ್ಲಿನ ಮೇಲೆ ನಡೆಯುತ್ತದೆ. ಜೊತೆಗೆ ಇನ್ನೊಂದು ಕಟ್ಟು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರತನಕ ಯಾವ ನಿಯಮವೂ ಎಂಟರ ಮೇಲೆ ಸೌಂಡು ಏರಿಸಲಾರದು. ಈ ಹತ್ತು ಮತ್ತು ಆರು ನನ್ನ ಲೆಕ್ಕವಲ್ಲ. 2000ದ ಶಬ್ದಮಾಲಿನ್ಯ ನಿಯಮ ಬಯಲಿನ ಧ್ವನಿವರ್ಧಕಕ್ಕೆ ಹಾಕಿದ ಗೆರೆ. ಮೈಕ್‌ಸೆಟ್ಟಿನವರಿಗೆ ಬಾಯಿಪಾಠ. 

ಗಡಿಯಾರದ ಮಾತು ಬಂತು. ಹೊತ್ತಿನದೇ ಇನ್ನೊಂದು ತಕರಾರು ಇದೆ, ಬೇಗ ಹೇಳಿ ಮುಗಿಸುತ್ತೇನೆ. ಅಳಿಯ ತನ್ನ ಖೋಲಿಯಲ್ಲಿ ವಾಯರಿನ ಸ್ಪೀಕರಿನ ಜೊತೆ ಒಂದು ಬ್ಲೂಟೂತ್ ಸ್ಪೀಕರನ್ನೂ ಇಟ್ಟ. ಎರಡರಲ್ಲೂ ಒಂದೇ ಹಾಡು. ಅಂಗಳಕ್ಕೆ ಬಂದು ನಿಂತರೆ ಹಾಡಿನ ಬೆನ್ನಿಗೆ ಹಾಡು, ವಿಜಯಪುರದ ಗೋಲಗುಮ್ಮಟದೊಳಗೆ ನಿಂತ ಹಾಗೆ. ಅಲ್ಲಿ ಕೂಗು ಗೋಡೆಯಿಂದ ಗೋಡೆಗೆ ಹೋಗಿಬರಬೇಕು. ಗುಮ್ಮಟದ ಅಡ್ಡಗಲ ಸುಮಾರು 38 ಮೀಟರ್, ಧ್ವನಿ ಸೆಕೆಂಡಿಗೆ ಓಡುವುದು ಸುಮಾರು 340 ಮೀಟರ್. ಆ ತಡವೇ ಪ್ರತಿಧ್ವನಿ. ಇಲ್ಲಿ ತಡ ಮಾಡುವುದು ಗೋಡೆಯಲ್ಲ, ಗಾಳಿಯಲ್ಲಿ ಕಳಿಸುವ ಮೊದಲು ಹಾಡನ್ನು ಮಡಚಿ ಬಿಚ್ಚುವ ಕೆಲಸ. ವಾಯರಿನಲ್ಲಿ ಆರು ಖೋಲಿಗೂ ಹಾಡು ಒಂದೇ ಕ್ಷಣಕ್ಕೆ ತಲುಪುತ್ತದೆ. ಬ್ಲೂಟೂತಿನಲ್ಲಿ ಹಿಂದೆ ಬೀಳುತ್ತದೆ. ನಮ್ಮ ಕಿವಿ ಸೆಕೆಂಡಿನ ಮೂವತ್ತನೇ ಒಂದು ಪಾಲಿನಷ್ಟು ತಡವನ್ನು ಕ್ಷಮಿಸುತ್ತದೆ, ಅದರಾಚೆ ಎರಡು ಅಂತ ಎಣಿಸಿಬಿಡುತ್ತದೆ. ಬ್ಲೂಟೂತ್ ಪೆಟ್ಟಿಗೆ ಈಗ ಕಪಾಟಿನ ಮೇಲಿದೆ.

ಹಾಡು, ತಿರುಪು, ಗಡಿಯಾರ ಇವೆಲ್ಲ ಆದವು. ಇಷ್ಟೆಲ್ಲ ಮಾಡಿ ಆ ಮನೆಗೆ ಏನು ಉಪಯೋಗವಾಯಿತು ಅಂತ ನೀವು ಕೇಳಬಹುದು. ಅಕ್ಕ ಕೇಳಿದಳು. ಅವಳಿಗೆ ಹಾಡಿನ ಗೊಡವೆ ಇಲ್ಲ. ಅವಳ ಚಿಂತೆ ನಳದ್ದು. ನಳ ಬರುವುದು ಎರಡು ದಿನಕ್ಕೊಮ್ಮೆ, ಬರುವ ಹೊತ್ತಿಗೆ ನೇಮ ಇಲ್ಲ. ಹಿತ್ತಲಲ್ಲಿ ಇದ್ದರೆ ಗೊತ್ತಾಗುವುದಿಲ್ಲ, ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದರೆ ಗೊತ್ತಾಗುವುದಿಲ್ಲ. ‘ಆರು ಖೋಲಿಗೆ ಒದರೂ ಮಶಿನ್ ಐತಿ, ನಳಾ ಬಂದದ್ದು ಹೇಳಾಕ ಬರೂದಿಲ್ಲೇನು?’ ಅಂದಳು.

ಬರುತ್ತದೆ. ನಳದ ಪೈಪಿಗೆ ಒಂದು ಪುಟ್ಟ ಚಕ್ರ ಕೂರಿಸಿದೆ. ನೀರು ಹರಿದರೆ ತಿರುಗುತ್ತದೆ, ತಿರುಗಿದರೆ ಕಂಪ್ಯೂಟರಿಗೆ ತಿಳಿಯುತ್ತದೆ. ಮೊದಲ ದಿನ ಮೋಸವಾಯಿತು. ನೀರಿಗಿಂತ ಮುಂಚೆ ಪೈಪಿನಲ್ಲಿ ಗಾಳಿ ಬುಸುಗುಡುತ್ತದೆ, ಚಕ್ರ ಗಾಳಿಗೂ ತಿರುಗಿತು. ಎಲ್ಲರೂ ಕೊಡ ಹಿಡಿದು ಓಡಿ ಬಂದು ಖಾಲಿ ನಳ ನೋಡಿದರು. ಈಗ ಅರ್ಧ ನಿಮಿಷ ಬಿಡದೆ ತಿರುಗಿದರೆ ಮಾತ್ರ ನೀರು ಅಂತ ಲೆಕ್ಕ.

ಹೇಳುವ ಧ್ವನಿ ಯಾರದು? ಕಂಪ್ಯೂಟರಿನ ಕನ್ನಡ ಹಚ್ಚಿ ನೋಡಿದೆವು. ‘ನಲ್ಲಿಯಲ್ಲಿ ನೀರು ಬಂದಿದೆ’ ಅಂತ ಬಹಳ ಶುದ್ಧವಾಗಿ ಹೇಳಿತು. ಆಯಿ ‘ಯಾರೋ ಬೆಂಗಳೂರವರು ಬಂದಾರ ನೋಡು’ ಅಂದರು. ಆಮೇಲೆ ಅಕ್ಕನ ಧ್ವನಿಯನ್ನೇ ಮುದ್ರಿಸಿದೆ. ಎರಡೇ ಮಾತು. ‘ನಳಾ ಬಂದಾವ! ನಳಾ ಬಂದಾವ!’ ನಡೆಯುತ್ತಿರುವ ಹಾಡು ತಾನೇ ತಗ್ಗುತ್ತದೆ, ಈ ಮಾತು ಬರುತ್ತದೆ, ಹಾಡು ಮತ್ತೆ ಏಳುತ್ತದೆ.

ಆಯಿ ಮಧ್ಯಾಹ್ನ ಮಲಗುತ್ತಾರೆ ಅಂತ ಅವರ ಖೋಲಿಯನ್ನು ಈ ಪಟ್ಟಿಯಿಂದ ಬಿಟ್ಟಿದ್ದೆ. ಮಶಿನ್ನಿನಲ್ಲಿ ಅದಕ್ಕೊಂದು ಗುರುತೇ ಇದೆ, ‘ಈ ಖೋಲಿಗೆ ತೊಂದರೆ ಕೊಡಬೇಡ’ ಅಂತ. ಒಂದು ದಿನ ಸಿಟ್ಟಾದರು. ಅರವತ್ತು ವರ್ಷ ಈ ಮನೆಯಲ್ಲಿ ನೀರು ತುಂಬಿದವಳು ನಾನು, ನನಗೊಬ್ಬಳಿಗೆ ಹೇಳುವುದಿಲ್ಲವೇ ಅಂತ. ಆವತ್ತೇ ಅವರ ಖೋಲಿಯನ್ನೂ ಸೇರಿಸಿದೆ.

ಹೋದ ವಾರ ಹೋಗಿದ್ದೆ. ಅಕ್ಕ ಬಾಗಲಕೋಟೆಗೆ, ನವನಗರಕ್ಕೆ, ಲಗ್ನಕ್ಕೆ ಹೋಗಿದ್ದಳು. ಮನೆಯಲ್ಲಿ ಆಯಿ ಮತ್ತು ನಾನು ಇಬ್ಬರೇ. ಮೂರು ಗಂಟೆಯ ಸುಮಾರಿಗೆ ನಳ ಬಂತು. ಆರು ಖೋಲಿಯಲ್ಲೂ ಅಕ್ಕನ ಧ್ವನಿ. ಆಯಿ ಮಂಚದಿಂದ ಎದ್ದರು. ಗೋಡೆ ಹಿಡಿದು ತಿರುಪಿನ ಹತ್ತಿರ ಬಂದರು. ಅದನ್ನು ಎರಡು ಮೆಟ್ಟಿಲು ಇಳಿಸಿ, ಮನೆಯಲ್ಲಿ ಇಲ್ಲದ ಸೊಸೆಗೆ ಹೇಳಿದರು:

‘ಕೇಳಿಸ್ತ ಬಿಡ, ಎಷ್ಟ ಒದರ್ತಿ!’

ಆಮೇಲೆ ಕೊಡ ತೆಗೆದುಕೊಂಡು ಹಿತ್ತಲಿಗೆ ಹೋದರು.